ಒಂದೇ ಸ್ಕ್ಯಾನರಿನ ಸಾಲು

ಸಂತೆಯಲ್ಲಿ ನಮ್ಮ ಸಾಲಿನವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಯಾರು ಏನು ಮಾರುತ್ತಾರೋ ಅದೇ ಅವರ ಹೆಸರು. ನೈಟಿ, ಲಂಗ, ಮಕ್ಕಳ ಚಡ್ಡಿ ಮಾರುವ ನಾನು ‘ನೈಟಿ’. ಪಾವಗಡದ ಕಡೆಯಿಂದ ಹುಣಸೆಹಣ್ಣು, ಬೆಳ್ಳುಳ್ಳಿ ತರುವ, ಮಾತಿಗೆ ತೆಲುಗು ಬೆರೆಸುವ ಅಕ್ಕ ‘ಹುಣಸೆ’. ಸ್ಟೀಲ್ ಪಾತ್ರೆ ಮಾರುವ ಶಿರಾದ ಸಾಬರಿಗೆ ಮಾತ್ರ ಈ ನಿಯಮ ಹತ್ತಲಿಲ್ಲ. ಅವರನ್ನು ಯಾರೂ ‘ಪಾತ್ರೆ’ ಎನ್ನಲಿಲ್ಲ. ಸಾಲಿಗೆಲ್ಲ ಅವರು ಭಾಯ್.

ನನ್ನದು ಮಧುಗಿರಿ. ವಾರದಲ್ಲಿ ಒಂದು ದಿನ ವೈ.ಎನ್. ಹೊಸಕೋಟೆ, ಒಂದು ದಿನ ಬುಕ್ಕಾಪಟ್ಟಣ, ಶುಕ್ರವಾರ ಬಂತೆಂದರೆ ಕೊರಟಗೆರೆ ದಾಟಿ ಗೊರವನಹಳ್ಳಿ, ನಡುವೆ ಸಿಕ್ಕ ಸಣ್ಣಪುಟ್ಟ ಸಂತೆಗಳು. ನಮ್ಮ ಮೂಟೆಗಳೆಲ್ಲ ಭಾಯ್ ಅವರ ಲಗೇಜ್ ಆಟೋದಲ್ಲೇ ಹೋಗುತ್ತಿದ್ದವು. ಮುಂದೆ ಅವರ ಪಕ್ಕ ನಾನು, ಹಿಂದೆ ಮೂಟೆಗಳ ಮೇಲೆ ಅಕ್ಕ. ಮುಂದೆ ಕೂರು ಎಂದರೆ ಅವಳು ಕೇಳುತ್ತಿರಲಿಲ್ಲ. ಹಿಂದೆ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದಳು. ನಿಜವಾದ ಕಾರಣ ಎಲೆ ಅಡಿಕೆ. ಮುಂದೆ ಕೂತರೆ ಉಗುಳಲು ನನ್ನನ್ನು ದಾಟಿ ಬಗ್ಗಬೇಕಾಗುತ್ತಿತ್ತು.

ಸಂತೆಗೆ ಸ್ಕ್ಯಾನರ್, ಅಂದರೆ ಫೋನ್ ಹಿಡಿದು ದುಡ್ಡು ಹಾಕುವ ಕ್ಯೂಆರ್ ಚೀಟಿ, ಬಂದದ್ದು ಭಾಯ್ ಅವರಿಂದ. ಫೋನಿನಲ್ಲಿ ದುಡ್ಡು ಬಿದ್ದ ಕೂಡಲೇ ಮೊತ್ತವನ್ನು ಕೂಗಿ ಹೇಳುವ ಡಬ್ಬಿಯೊಂದನ್ನು ಅವರು ಪಾತ್ರೆಗಳ ನಡುವೆ ಇಟ್ಟುಕೊಂಡರು. ನಮ್ಮ ಸಂತೆಯಲ್ಲಿ ಗ್ರಂಥದ ಕನ್ನಡ ಮಾತನಾಡುತ್ತಿದ್ದುದು ಆ ಡಬ್ಬಿ ಒಂದೇ. ಕೆಲವೇ ವಾರಗಳಲ್ಲಿ ಜನ ಹತ್ತು ರೂಪಾಯಿಯ ಬೆಳ್ಳುಳ್ಳಿಗೂ ಫೋನ್ ಎತ್ತತೊಡಗಿದರು. ಚಿಲ್ಲರೆ ಇಲ್ಲ, ಸ್ಕ್ಯಾನರ್ ಎಲ್ಲಿ ಎಂದು ಕೇಳಿ, ಇಲ್ಲವೆಂದರೆ ಮುಂದೆ ಹೋಗಿಬಿಡುತ್ತಿದ್ದರು. ಆಗ ಭಾಯ್ ಅವರೇ ಹೇಳಿದರು: “ನಂದ್ರಲ್ಲೇ ಹಾಕಿಸ್ಕೊಳಿ ಕಣಮ್ಮ, ಸಂಜೆ ಕೊಡ್ತೀನಿ. ಅದ್ಕೇನಂತೆ!”

ಅಂದಿನಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಗಿರಾಕಿ ನನ್ನ ಅಂಗಡಿಯ ಮುಂದೆ ನಿಂತು ಭಾಯ್ ಸ್ಕ್ಯಾನರಿನ ನಕಲನ್ನು ಸ್ಕ್ಯಾನ್ ಮಾಡುತ್ತಿದ್ದಂತೆ ನಾನು ಕೈ ಎತ್ತಬೇಕು. ಅತ್ತ ಡಬ್ಬಿ ಮೊತ್ತ ಹೇಳುತ್ತದೆ. ಭಾಯ್ ಎತ್ತಿದ ಕೈ ನೋಡಿ, “ನೈಟೀ, ಇನ್ನೂರೈವತ್ತು ಬಂತು!” ಎಂದು ಕೂಗುತ್ತಾರೆ. ಗಿರಾಕಿ ಹೋಗಬಹುದು. ಸಂಜೆ ಟೀ ಕುಡಿಯುವಾಗ ಅವರು ಎಲ್ಲರಿಗೂ ಅವರವರ ದುಡ್ಡನ್ನು ನೋಟಿನಲ್ಲಿ ಕೊಡುತ್ತಿದ್ದರು. ಬರೆದಿಡುವುದು, ಗಿರೆದಿಡುವುದು ಏನೂ ಇಲ್ಲ. ಎಲ್ಲ ತಲೆಯಲ್ಲೇ. ಒಮ್ಮೆಯೂ ಕಮ್ಮಿ ಬಂದದ್ದಿಲ್ಲ, ಒಮ್ಮೆಯೂ ನಮಗೆ ಜಗಳವಾಗಿಲ್ಲ. ಸಂತೆಯಲ್ಲಿ ಜಗಳವಾಗಿಲ್ಲ ಎಂದರೆ ನೀವು ನಂಬಬೇಕು, ನಾನು ಜಗಳಗಂಟಿ.

ನನಗೆ ಬ್ಯಾಂಕ್ ಖಾತೆ ಇರಲಿಲ್ಲವೆಂದಲ್ಲ. ಇತ್ತು. ಬಟ್ಟೆ ವ್ಯಾಪಾರಕ್ಕೆಂದು ಅದೇ ಬ್ಯಾಂಕಿನಲ್ಲಿ ಸಾಲವನ್ನೂ ತೆಗೆದಿದ್ದೆ. ಕಂತು ಹಿಂದೆ ಬಿದ್ದಿತ್ತು, ಹಾಗಾಗಿ ಖಾತೆಗೆ ಏನು ಬಿದ್ದರೂ ಮೊದಲು ಕಂತಿಗೆ ಹೋಗುತ್ತಿತ್ತು. ಅಲ್ಲಿಗೆ ಸಂತೆಯ ದುಡ್ಡು ಬಿಟ್ಟರೆ ಮುಂದಿನ ವಾರದ ಮಾಲಿಗೆ ಕೈ ಖಾಲಿ. ಅಕ್ಕನ ಖಾತೆಗೆ ಗೃಹಲಕ್ಷ್ಮಿಯ ದುಡ್ಡು ಬರುತ್ತಿತ್ತು. ಅದರಲ್ಲಿ ಬೇರೆ ಹಣ ಓಡಾಡಿದರೆ ಸರ್ಕಾರದವರು ಆ ದುಡ್ಡನ್ನೂ ಪಡಿತರದ ಅಕ್ಕಿಯನ್ನೂ ನಿಲ್ಲಿಸಿಬಿಡುತ್ತಾರೆಂದು ಅವಳ ಹೆದರಿಕೆ. ಆ ಖಾತೆಯನ್ನು ಅವಳು ದೇವರ ಮನೆಯಂತೆ ಮಡಿಯಲ್ಲಿ ಇಟ್ಟಿದ್ದಳು. ಸಾಲಿನಲ್ಲಿದ್ದ ಉಳಿದವರಿಗೂ ಹೀಗೇ ಒಂದೊಂದು ಕಾರಣ. ಭಾಯ್ ಅವರ ಖಾತೆಗೆ ಮಾತ್ರ ಯಾವ ಸಾಲವೂ ಇಲ್ಲ, ಯಾವ ಯೋಜನೆಯೂ ಇಲ್ಲ, ಪಾಪದ್ದು. ಹಾಗಾಗಿ ಎಲ್ಲರೂ ಅದರ ಮೇಲೇ ಹತ್ತಿದೆವು.

ಹತ್ತಿಸಿದ್ದು ನಾನು ಎಂದರೂ ಸರಿಯೇ. ಭಾಯ್ ಅವರ ಸ್ಕ್ಯಾನರನ್ನು ಮಧುಗಿರಿಯಲ್ಲಿ ಕಲರ್ ಜೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಮೇಲೆ ತೂತು ಹೊಡೆಸಿ, ದಾರ ಕಟ್ಟಿ ಸಾಲಿಗೆಲ್ಲ ಹಂಚಿದವಳು ನಾನು. ಮೊದಲು ನಾನು ಮತ್ತು ಅಕ್ಕ ಇದ್ದೆವು. ಆಮೇಲೆ ಬಳೆಯವಳು, ಚಪ್ಪಲಿಯವನು, ಕಡ್ಲೆಪುರಿಯವರು. ಕೇಳಿದವರಿಗೆಲ್ಲ ಕೊಟ್ಟೆ. ಭಾಯ್ ಬೇಡ ಎನ್ನುವ ಪೈಕಿ ಅಲ್ಲ. ಅವರ ಸ್ಕ್ಯಾನರನ್ನು ನನ್ನ ಮನೆಯ ಹಬ್ಬದ ಹೋಳಿಗೆಯಂತೆ ಹಂಚಿ ನಾನು ಹೆಸರು ತೆಗೆದುಕೊಂಡೆ. 

ಸಾಲಿನಲ್ಲಿ ನಾನು ಓದಿದವಳು. ಬಿ.ಕಾಂ. ಎರಡನೇ ವರ್ಷದ ತನಕ ಹೋಗಿ ಬಿಟ್ಟಿದ್ದೆ, ಆದರೆ ಬಿಟ್ಟದ್ದನ್ನು ಯಾರಿಗೂ ಒತ್ತಿ ಹೇಳುತ್ತಿರಲಿಲ್ಲ. ಯಾರ ಫೋನಿಗೆ ಇಂಗ್ಲಿಷಿನ ಮೆಸೇಜು ಬಂದರೂ ನನ್ನ ಕೈಗೆ ಬರುತ್ತಿತ್ತು. ಕನ್ನಡಕ ಏರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳುತ್ತಿದ್ದೆ. ಆ ಸ್ವಲ್ಪ ಹೊತ್ತು ನನಗೆ ಬಹಳ ಇಷ್ಟ. ಅರ್ಥವಾಗದಿದ್ದಾಗಲೂ ಏನೋ ಒಂದು ಹೇಳುತ್ತಿದ್ದೆ, ಬಾಯಿಬಿಟ್ಟು ಗೊತ್ತಿಲ್ಲ ಎಂದವಳಲ್ಲ.

ಒಂದು ಶುಕ್ರವಾರ ಗೊರವನಹಳ್ಳಿಯಲ್ಲಿ, ದೇವಸ್ಥಾನಕ್ಕೆ ಬಂದ ಬಸ್ಸುಗಳಿಂದ ಜನ ಇಳಿಯುತ್ತಿರುವಾಗಲೇ, ಭಾಯ್ ಮಡಿಸಿದ ಕಾಗದವೊಂದನ್ನು ತಂದು ನನ್ನ ನೈಟಿಗಳ ಮೇಲಿಟ್ಟರು. “ಒಸಿ ನೋಡಿ ಕಣಮ್ಮ, ತೆರಿಗೆ ಆಫೀಸಿಂದ ಬಂದೈತೆ.” ಅವರ ಖಾತೆಗೆ ವರ್ಷದಲ್ಲಿ ಇಷ್ಟು ಹಣ ಬಂದಿದೆ, ಇದು ಮಿತಿಗಿಂತ ಹೆಚ್ಚಿನ ವಹಿವಾಟು, ನೋಂದಣಿ ಏಕೆ ಮಾಡಿಸಿಲ್ಲ, ತೆರಿಗೆ ಏಕೆ ಕಟ್ಟಿಲ್ಲ, ವಿವರಣೆ ಕೊಡಿ ಎಂದು ಅದರಲ್ಲಿತ್ತು. ನಾನು ಕನ್ನಡಕ ಏರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದೆ.

“ಲಾಭ ಎಲ್ಲೈತೆ ಭಾಯ್ ನಿಮ್ಗೆ? ತೆರಿಗೆ ಅನ್ನೋದು ಲಾಭದ ಮೇಲೆ. ಒಂದು ಪಾತ್ರೆಗೆ ನಿಮ್ಗೆ ಎಷ್ಟು ಉಳೀತದೆ? ಅಷ್ಟು ಲಾಭಕ್ಕೆ ತೆರಿಗೆ ಬರಲ್ಲ. ತಲೆ ಕೆಡಿಸ್ಕೋಬ್ಯಾಡಿ, ಬುಡಿ,” ಎಂದೆ.

ಅವರ ಮುಖ ತಿಳಿಯಾಯಿತು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋಗಿ, ನನಗೊಂದು ಟೀ ಕಳಿಸಿದರು. ನಾನು ಕಾಲೇಜಿನಲ್ಲಿ ಅರ್ಧ ಓದಿದ್ದು ಆದಾಯ ತೆರಿಗೆ. ಕಾಗದದಲ್ಲಿ ಇದ್ದದ್ದು ಸರಕು ಮತ್ತು ಸೇವಾ ತೆರಿಗೆ, ಜಿಎಸ್‌ಟಿ. ಆದಾಯ ತೆರಿಗೆ ಉಳಿದದ್ದನ್ನು ಕೇಳುತ್ತದೆ, ಇದು ಮಾರಿದ್ದನ್ನು ಕೇಳುತ್ತದೆ. ನೂರು ರೂಪಾಯಿಗೆ ತಂದ ತಟ್ಟೆಯನ್ನು ನೂರಹತ್ತಕ್ಕೆ ಮಾರಿದರೆ ಕಿಸೆಗೆ ಬರುವುದು ಹತ್ತೇ ಆದರೂ ವಹಿವಾಟಿನ ಲೆಕ್ಕಕ್ಕೆ ಬರುವುದು ನೂರಹತ್ತೂ. ಇಷ್ಟು ಸಣ್ಣ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ ಎಂದು ನನ್ನ ಗಂಡ ಈಗಲೂ ಸಮಾಧಾನ ಹೇಳುತ್ತಾರೆ. ಆದರೆ ಆ ಟೀಯನ್ನು ನಾನು ಕುಡಿದೆನಲ್ಲ, ಅದು ನನ್ನ ಗಂಟಲಲ್ಲಿ ಇನ್ನೂ ಇಳಿದಿಲ್ಲ.

ನನ್ನ ಮಾತು ನಂಬಿ ಭಾಯ್ ಉತ್ತರ ಕೊಡಲಿಲ್ಲ. ಎರಡನೆಯ ಕಾಗದ ಬಂತು. ಈ ಸಲ ತೆರಿಗೆ, ಬಡ್ಡಿ, ದಂಡ ಎಲ್ಲ ಕೂಡಿಸಿ ಮೊತ್ತವನ್ನೇ ಹಾಕಿದ್ದರು. ಇಂಥ ದಿನ ಕಚೇರಿಗೆ ಬಂದು ಹೇಳುವುದಿದ್ದರೆ ಹೇಳಿ ಎಂದಿತ್ತು. ಆ ಮೊತ್ತಕ್ಕೆ ಅವರ ಆಟೋ ಮಾರಿದರೂ ಸಾಲದು. ಅವರನ್ನು ಕರೆದುಕೊಂಡು ಮಧುಗಿರಿಯ ಒಬ್ಬ ತೆರಿಗೆ ಸಲಹೆಗಾರರ ಬಳಿ ಓಡಿದೆ. ಅವರು ಖಾತೆಯ ವಿವರ ನೋಡಿ, ಇದು ಒಬ್ಬರ ವ್ಯಾಪಾರ ಅಲ್ಲವಲ್ಲ ಎಂದು ತಟ್ಟನೆ ಹಿಡಿದರು.

“ಸಾಮಾನು ಮಾರೋರಿಗೆ ವರ್ಷಕ್ಕೆ ನಲವತ್ತು ಲಕ್ಷದ ತನಕ ನೋಂದಣಿ ಬೇಡ. ಇವರೊಬ್ಬರದೇ ತಗೊಂಡ್ರೆ ಅಷ್ಟು ಬರಲ್ಲ, ಇಡೀ ಸಾಲಿಂದು ಸೇರಿ ದಾಟೈತೆ. ಆದ್ರೆ ಬರೀ ಇವರು ಹೇಳಿದ್ರೆ ಯಾರು ನಂಬ್ತಾರೆ? ಆ ಸಾಲಿನೋರು ಬಂದು, ಇದ್ರಲ್ಲಿ ಇಷ್ಟು ನಮ್ಮ ವ್ಯಾಪಾರದ ದುಡ್ಡು ಅಂತ ಹೇಳಿ ಸಹಿ ಹಾಕ್ಬೇಕು,” ಎಂದರು.

ದಾರಿ ಇತ್ತು. ನೇರವಾದ ದಾರಿ. ಹೊರಗೆ ಬಂದ ಮೇಲೆ ಭಾಯ್ ನನ್ನ ಕಡೆ ತಿರುಗಿದರು. “ನಾನೆಂಗೆ ಕೇಳ್ಲಿ ಕಣಮ್ಮ? ಕೊಟ್ಟಿದ್ದಕ್ಕೆ ಲೆಕ್ಕ ಕೇಳ್ದಂಗಾಗ್ತದೆ. ನೀವೇ ಒಂದು ಮಾತು ಕೇಳಿ. ಮನಸಿದ್ರೆ ಬರ್ಲಿ, ಇಲ್ದಿದ್ರೆ ಬ್ಯಾಡ.”

ಬುಕ್ಕಾಪಟ್ಟಣದ ಸಂತೆಯಲ್ಲಿ, ಮಧ್ಯಾಹ್ನ ಗಿರಾಕಿಗಳು ತೆಳುವಾದಾಗ, ಮೊದಲು ಅಕ್ಕನ ಬಳಿ ಹೋಗಿ ಕೂತೆ. ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ತಕ್ಕಡಿ ಕೆಳಗಿಟ್ಟಳು. “ಬರ್ತೀನಿ ತಲ್ಲೀ. ಭಾಯ್‌ಗೋಸ್ಕರ ಬರ್ದಿದ್ರೆ ಇನ್ಯಾರ್ಗೋಸ್ಕರ ಬರ್ಲಿ? ಯಾವತ್ತು ಅಂತ ಹೇಳು,” ಎಂದಳು. ಆಮೇಲೆ, ಒಂದು ಗಿರಾಕಿಗೆ ಬೆಳ್ಳುಳ್ಳಿ ತೂಗಿ ಕಳಿಸಿ, ಮೆಲ್ಲಗೆ ಕೇಳಿದಳು. “ನಂಗೇನೂ ಆಗಲ್ಲ ತಾನೆ? ಗೃಹಲಕ್ಷ್ಮಿ ದುಡ್ಡು, ಅಕ್ಕಿ ಕಾರ್ಡು... ನೀನು ಓದ್ದೋಳು, ನೀನು ಹೇಳ್ದಂಗೆ.”

ನನಗೆ ಗೊತ್ತಿರಲಿಲ್ಲ. ಗೊತ್ತಿರುವವರನ್ನು ಕೇಳಬಹುದಿತ್ತು, ಸಲಹೆಗಾರರ ಫೋನ್ ನಂಬರು ನನ್ನ ಬಳಿಯೇ ಇತ್ತು. ನಾನು ಕೇಳಲಿಲ್ಲ. 

“ಹೋದ್ರೂ ಹೋಗ್ಬೋದು ಕಣಕ್ಕ. ತೆರಿಗೆಯೋರ ಕಂಪ್ಯೂಟ್ರಿಗೆ ಒಂದ್ಸಲ ಹೆಸ್ರು ಹತ್ತಿದ್ರೆ ಮುಗೀತು. ಕಾರ್ಡೂ ರದ್ದಾಗ್ತದೆ, ದುಡ್ಡೂ ನಿಲ್ತದೆ. ಯೋಚ್ನೆ ಮಾಡಿ ಹೆಜ್ಜೆ ಇಡು,” ಎಂದೆ.

ಈ ಮಾತನ್ನು ನಾನು ಏಕೆ ಹೇಳಿದೆ ಎಂಬುದನ್ನು ಇಲ್ಲಿ ಬಿಚ್ಚಿ ಹೇಳದೆ ಮುಂದೆ ಹೋದರೆ ಬರೆದೂ ಪ್ರಯೋಜನವಿಲ್ಲ. ಅರ್ಧ ನಂಬಿಕೆಯಿಂದ ಹೇಳಿದೆ, ಅಂಥ ಸುದ್ದಿಗಳು ಊರಲ್ಲಿ ಓಡಾಡುತ್ತಿದ್ದವು. ಇನ್ನರ್ಧ ನನ್ನ ಸಲುವಾಗಿ. ಅಕ್ಕ ಸಹಿ ಹಾಕಿದರೆ ಅವಳ ಪಕ್ಕ ಕೂತು ನಾನೂ ಹಾಕಬೇಕಾಗುತ್ತಿತ್ತು. ನನ್ನ ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದೆ ಎಂದು ಕಾಗದದ ಮೇಲೆ ಬಂದರೆ ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆಂದು ನನಗೆ ಪುಕಪುಕ. ಅಕ್ಕ ಬರದಿದ್ದರೆ ನಾನೂ ಹೋಗದಿರಬಹುದು. ಇಷ್ಟನ್ನು ಆಗ ನಾನು ಯೋಚಿಸಿ ಲೆಕ್ಕ ಹಾಕಿದೆ ಎಂದಲ್ಲ, ಆದರೆ ಮಾತು ಬಾಯಿಂದ ಬಿದ್ದ ಕೂಡಲೇ ಎದೆ ಹಗುರಾಯಿತು. ಹಗುರಾದದ್ದರಿಂದಲೇ ನನಗೆ ಗೊತ್ತು.

ಅಕ್ಕ ತಕ್ಕಡಿ ಎತ್ತಿಕೊಂಡಳು. “ಅಂಗಂತೀಯಾ? ಹಂಗಾದ್ರೆ ಬ್ಯಾಡ ತಲ್ಲೀ. ಸೊಸೆ ಬಾಣ್ತಿ ಅವ್ಳೆ, ಅಕ್ಕಿ ನಿಂತ್ರೆ ಕಷ್ಟ,” ಎಂದಳು. ನಾನು ಬೇರೆ ಯಾರನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ. ಸಂಜೆಯೊಳಗೆ ಸಾಲಿನ ಈ ತುದಿಯಿಂದ ಆ ತುದಿಗೆ, ಸಹಿ ಹಾಕಿದರೆ ಕಾರ್ಡ್ ಹೋಗುತ್ತದಂತೆ, ನೈಟಿಯಮ್ಮನೇ ಹೇಳಿದಳಂತೆ ಎಂಬ ಸುದ್ದಿ ಮುಟ್ಟಿತು. ಭಾಯ್ ಅವರಿಗೆ ನಾನು, “ಯಾರೂ ಬರಲ್ಲ ಅಂತಾರೆ ಭಾಯ್,” ಎಂದಷ್ಟೇ ಹೇಳಿದೆ. ಅವರು ಹಗ್ಗ ಬಿಗಿಯುತ್ತಾ, “ಬುಡಿ, ಪಾಪ, ಅವ್ರಿಗೆ ಅವ್ರ ಕಷ್ಟ,” ಎಂದರು. ಅಂದೂ ನನ್ನ ಮೂಟೆಯನ್ನು ಅವರೇ ಆಟೋಗೆ ಎತ್ತಿ ಹಾಕಿದರು.

ಕಚೇರಿಗೆ ಹೋಗುವ ದಿನ ಅವರ ಜೊತೆ ನಾನೂ ಹೋದೆ. ಓದಿ ಹೇಳುವುದಕ್ಕೆ ಎಂದು ಕರೆದಿದ್ದರು. ಅವರು ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿದ್ದರು. ಒಳಗೆ ಕೂತಿದ್ದ ಅಧಿಕಾರಿ ಒಬ್ಬ ಹೆಂಗಸು, ನನಗಿಂತ ಸಣ್ಣವರು. ಗದರುತ್ತಾರೆಂದು ಹೆದರಿ ಹೋಗಿದ್ದೆವು. ಅವರು ಕುರ್ಚಿ ತೋರಿಸಿ, ಕೂರಿ ಎಂದರು. ನನಗೆ ಅದರಿಂದಲೇ ಇನ್ನೂ ಭಯವಾಯಿತು.

“ಇದೆಲ್ಲ ನಿಮ್ಮ ವ್ಯಾಪಾರದ ದುಡ್ಡಾ?” ಎಂದು ಕೇಳಿದರು.

“ಹೂಂ ಮೇಡಂ, ಎಲ್ಲಾ ನಂದೇ,” ಎಂದರು ಭಾಯ್.

ಅಧಿಕಾರಿ ಕಂಪ್ಯೂಟರಿನ ಕಡೆ ನೋಡಿದರು. “ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ, ಹದಿನೈದು ರೂಪಾಯಿ. ನೀವು ಸ್ಟೀಲ್ ಪಾತ್ರೆ ಮಾರುತ್ತೀರಿ. ಹತ್ತು ರೂಪಾಯಿಗೆ ಯಾವ ಪಾತ್ರೆ ಬರುತ್ತೆ ಸಾಹೇಬ್ರೇ? ನನಗೂ ಒಂದು ತಂದುಕೊಡಿ.”

ಭಾಯ್ ನೆಲ ನೋಡುತ್ತಾ ಕೂತರು. ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ, ನನ್ನ ಕಡೆ ಒಮ್ಮೆ ನೋಡಲೂ ಇಲ್ಲ. ನೋಡಿದ್ದರೆ ಚೆನ್ನಾಗಿತ್ತು. ನೋಡದೆ ಇದ್ದದ್ದನ್ನೇ ನನ್ನಿಂದ ತಡೆಯಲಾಗಲಿಲ್ಲ.

“ಮೇಡಂ, ಇನ್ನೂರೈವತ್ತು, ಮುನ್ನೂರು ಅಂತ ಇರೋದ್ರಲ್ಲಿ ಬಾಳಾ ನಂದು. ನಾನು ನೈಟಿ ಮಾರ್ತೀನಿ. ಆ ಹತ್ತು ಇಪ್ಪತ್ತು ಹುಣಸೆಹಣ್ಣಿನೋಳ್ದು,” ಎಂದುಬಿಟ್ಟೆ.

ಅಧಿಕಾರಿ ನನ್ನ ಕಡೆ ತಿರುಗಿದರು. ಬಟ್ಟೆ ಎಲ್ಲಿ ತರುತ್ತೀರಿ, ಬಿಲ್ ಇದೆಯಾ ಎಂದರು. ಇರಲಿಲ್ಲ. ಬಿಲ್ ಬೇಡ, ರೇಟು ಇಳಿಸಿ ಎಂದು ಜಗಳವಾಡಿ ತರುತ್ತಿದ್ದೆ, ಅದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದೆ. ಸಂತೆ ಸುಂಕದ ಚೀಟಿ? ಸಾಲಿಗೆಲ್ಲ ಭಾಯ್ ಒಟ್ಟಿಗೆ ಕಟ್ಟುತ್ತಿದ್ದರು. ವ್ಯಾಪಾರ ಮಾಡುತ್ತೀರಿ ಅನ್ನುವುದಕ್ಕೆ ನಿಮ್ಮ ಹೆಸರಿನಲ್ಲಿ ಏನಾದರೂ ಒಂದು ಕಾಗದ ಇದೆಯಾ ಅಮ್ಮ? ನಾನು ಯೋಚಿಸಿದೆ. ಇದ್ದದ್ದು ಒಂದೇ, ಬ್ಯಾಂಕಿನ ಸಾಲದ ಪತ್ರ. ಸಿದ್ಧ ಉಡುಪು ವ್ಯಾಪಾರಕ್ಕೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಯಾವುದನ್ನು ಮುಚ್ಚಿಕೊಂಡು ಓಡಾಡುತ್ತಿದ್ದೆನೋ ಅದನ್ನೇ ತರಬೇಕಾಯಿತು. ತರುತ್ತೇನೆ ಎಂದೆ.

“ತನ್ನಿ, ನೋಡೋಣ. ಆದರೆ ಮುಖ್ಯವಾದವರು ಆ ಹುಣಸೆಹಣ್ಣಿನವರು. ಲೆಕ್ಕದಲ್ಲಿ ಆ ಸಣ್ಣ ಮೊತ್ತಗಳೇ ಜಾಸ್ತಿ ಇವೆ. ಹುಣಸೆಹಣ್ಣಿಗೆ ತೆರಿಗೆಯೇ ಇಲ್ಲ. ಬೆಳ್ಳುಳ್ಳಿಗೂ ಇಲ್ಲ. ಅವರು ಬಂದು ಇದು ನಮ್ಮದು ಅಂದರೆ ಇವರ ವಹಿವಾಟು ಮಿತಿಯ ಕೆಳಗೆ ಬರಬಹುದು,” ಎಂದರು ಅಧಿಕಾರಿ.

“ಬಂದ್ರೆ ಆಯಮ್ಮಂಗೆ ತೊಂದ್ರೆ ಆಗಲ್ವಾ ಮೇಡಂ? ಹೆಸ್ರು ಹತ್ತಿದ್ರೆ ಗೃಹಲಕ್ಷ್ಮಿ, ಅಕ್ಕಿ...” ಎಂದೆ. 

“ಯಾರು ಹೇಳಿದ್ದು ನಿಮಗೆ? ನೋಂದಣಿ ಮಾಡಿಸಿ ತೆರಿಗೆ ಸಲ್ಲಿಸುವವರ ಮಾತು ಬೇರೆ. ಹುಣಸೆಹಣ್ಣಿನವರು ಮಿತಿಯೊಳಗೆ ಮಾರುವವರು, ಅದೂ ತೆರಿಗೆ ಇಲ್ಲದ ಮಾಲು. ಬಂದು ಒಂದು ಹೇಳಿಕೆ ಕೊಟ್ಟ ಮಾತ್ರಕ್ಕೆ ನೋಂದಣಿ ಆಗಿಬಿಡಲ್ಲ. ಯಾರೋ ಸುಮ್ಮಸುಮ್ಮನೆ ಹೆದರಿಸಿದ್ದಾರೆ ಅವರನ್ನ.”

ಯಾರು ಹೇಳಿದ್ದು ಎಂದಾಗ ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಭಾಯ್ ಈಗಲೂ ನನ್ನ ಕಡೆ ನೋಡಲಿಲ್ಲ. ಅವರಿಗೆ ಆ ಮಾತು ನನ್ನದೆಂದು ಸಾಲಿನವರಿಂದ ಗೊತ್ತಾಗಿತ್ತೋ ಏನೋ, ಆಗ ನನಗೆ ತಿಳಿಯಲಿಲ್ಲ. ಅಧಿಕಾರಿ ಮತ್ತೊಂದು ದಿನ ಕೊಟ್ಟು, ಅಷ್ಟರೊಳಗೆ ಆಕೆಯನ್ನು ಕರೆದುಕೊಂಡು ಬನ್ನಿ ಎಂದರು. ಮರುದಿನವೇ ಹೋಗಿ ನನ್ನ ಸಾಲದ ಪತ್ರ ಕೊಟ್ಟು ಹೇಳಿಕೆಗೆ ಸಹಿ ಹಾಕಿ ಬಂದೆ. ಬ್ಯಾಂಕಿನವರು ಯಾರೂ ಬಾಗಿಲಿಗೆ ಬರಲಿಲ್ಲ, ಇಂದಿಗೂ ಬಂದಿಲ್ಲ. ಯಾವ ಭಯಕ್ಕೆ ನಾನು ಅಕ್ಕನನ್ನು ಹೆದರಿಸಿದ್ದೆನೋ ಆ ಭಯಕ್ಕೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ.

ಸಾಲಿನ ಉಳಿದವರಿಗೆ ಫೋನ್ ಮಾಡಿ ಹೇಳಿದೆ. ನೋಡೋಣ ಎಂದರು. ಅಕ್ಕನಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಎನಿಸಿ ಪಾವಗಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಈ ಸಲ ನನ್ನ ಬಳಿ ನಿಜವಾದ ಮಾತಿತ್ತು, ಅಧಿಕಾರಿಯ ಬಾಯಿಂದಲೇ ಕೇಳಿದ್ದು. ಅಕ್ಕ ಕೇಳಿದರೆ ಕುಣಿದಾಡುತ್ತಾಳೆ, ಅಂದೇ ಹೊರಡುತ್ತಾಳೆ ಎಂದುಕೊಂಡಿದ್ದೆ.

ಅವಳ ಮನೆಯ ಅಂಗಳದಲ್ಲಿ ನಾಲ್ಕಾರು ಹೆಂಗಸರು ಗುಂಡಾಗಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಅಕ್ಕ ಎದ್ದು ಬಂದಳು, ಮಜ್ಜಿಗೆ ಕೊಟ್ಟಳು, ಚಾಪೆ ಹಾಸಿದಳು. ನಾನು ಉಸಿರು ಬಿಡದೆ ಹೇಳಿದೆ. “ನಿನ್ನ ಮಾಲ್ಗೆ ತೆರಿಗೇನೆ ಇಲ್ವಂತೆ ಕಣಕ್ಕ. ನೀನು ಬಂದು ಇದು ನಂದು ಅಂದ್ರೆ ಸಾಕು, ಭಾಯ್ ಉಳ್ಕೋತಾರೆ. ನಿನ್ನ ಅಕ್ಕಿಗೂ ಏನೂ ಆಗಲ್ಲ, ದುಡ್ಡಿಗೂ ಏನೂ ಆಗಲ್ಲ. ನಾನು ಕೇಳ್ಕೊಂಡು ಬಂದಿವ್ನಿ. ನನ್ನ ಮಾತು ನಂಬು.”

ಅಕ್ಕ ಕೈಗೆ ಅಂಟಿದ ಹುಣಸೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದಳು. ಸಿಟ್ಟಿನಿಂದ ಅಲ್ಲ. ಸಿಟ್ಟಾಗಿದ್ದರೆ ಮಾತಿಗೆ ಮಾತು ಕೊಟ್ಟು ಒಪ್ಪಿಸುತ್ತಿದ್ದೆ.

“ಆವತ್ತೂ ಇಂಗೇ ಹೇಳ್ದೆ ತಲ್ಲೀ. ಇದೇ ಗಂಟ್ಲಲ್ಲಿ,” ಎಂದಳು.

“ಆವತ್ತು ನಂಗೆ ಗೊತ್ತಿರ್ಲಿಲ್ಲ ಅಕ್ಕ.”

“ಗೊತ್ತಿರ್ಲಿಲ್ಲ ಅಂತ ಆವತ್ತು ಹೇಳ್ಲಿಲ್ವಲ್ಲ ನೀನು. ಇವತ್ತು ಗೊತ್ತು ಅಂತೀಯಾ, ನಾಳೆ ಏನಂತೀಯೋ ಎವರಿಕಿ ತೆಲುಸು, ಯಾರ್ಗೊತ್ತು? ಮನೇಲಿ ಬ್ಯಾಡ ಅಂದವ್ರೆ. ಮಗ ಕೂಗಾಡ್ತಾನೆ. ನನ್ನ ಬುಟ್ಬುಡು.”

ಅಂಗಳದ ಹೆಂಗಸರು ಕುಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅಧಿಕಾರಿಗೆ ಫೋನ್ ಹಚ್ಚಿ ಮಾತಾಡಿಸುತ್ತೇನೆ ಎಂದೆ. ಸಲಹೆಗಾರರನ್ನೇ ಕರೆದುಕೊಂಡು ಬರುತ್ತೇನೆ ಎಂದೆ. ಕೊನೆಗೆ ಕೈ ಮುಗಿದೆ. ಅಕ್ಕ ನನ್ನ ಕೈ ಹಿಡಿದು ಇಳಿಸಿ, ಮಜ್ಜಿಗೆ ಕುಡಿ ಎಂದಳು. ಅವಳನ್ನು ನಾನು ಬೈಯಲಾರೆ. ಹೆದರಿಸುವಾಗ ಒಂದು ಮಾತು ಸಾಕಾಗಿತ್ತು, ಆ ಹೆದರಿಕೆ ಬಿಡಿಸಲು ನೂರು ಮಾತು ಸಾಲಲಿಲ್ಲ. ಸಂಜೆಯ ಬಸ್ಸಿಗೆ ಒಬ್ಬಳೇ ವಾಪಸ್ಸು ಬಂದೆ, ಅವಳು ಕಟ್ಟಿಕೊಟ್ಟ ಹುಣಸೆಹಣ್ಣಿನ ಪೊಟ್ಟಣ ಮಡಿಲಲ್ಲಿತ್ತು.

ಅಕ್ಕ ಬರಲಿಲ್ಲ, ಸಾಲಿನ ಬೇರೆ ಯಾರೂ ಬರಲಿಲ್ಲ. ನನ್ನ ಪಾಲಿನಷ್ಟನ್ನು ಅಧಿಕಾರಿ ತೆಗೆದುಹಾಕಿದರು. ಉಳಿದದ್ದು ಇನ್ನೂ ಮಿತಿಯ ಮೇಲೇ ಇತ್ತು. ಮೊತ್ತ ಇಳಿಯಿತು, ಕಂತಿನಲ್ಲಿ ಕಟ್ಟಲು ಬಿಟ್ಟರು. ಆದರೂ ಭಾಯ್ ಲಗೇಜ್ ಆಟೋ ಮಾರಬೇಕಾಯಿತು. ನಾನು ಒಂದಷ್ಟು ದುಡ್ಡು ಹೊಂದಿಸಿಕೊಂಡು ಶಿರಾಕ್ಕೆ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನಗೆ ಊಟ ಬಡಿಸಿದರು, ದುಡ್ಡು ಮುಟ್ಟಲಿಲ್ಲ. “ನೀವು ನಿಮ್ದು ಅಂತ ಬಂದು ಹೇಳಿದ್ರಲ್ಲ ಕಣಮ್ಮ, ಅಷ್ಟು ಸಾಕು,” ಎಂದು ಭಾಯ್ ನನ್ನ ಬ್ಯಾಗಿನ ಜಿಪ್ಪನ್ನು ತಾವೇ ಎಳೆದು ಮುಚ್ಚಿದರು.

ಅವರು ಈಗ ನೋಂದಣಿ ಮಾಡಿಸಿದ್ದಾರೆ. ಸಣ್ಣ ವ್ಯಾಪಾರಿಗಳಿಗೆಂದೇ ಇರುವ ರಾಜಿ ತೆರಿಗೆಯಲ್ಲಿ, ಮಾರಿದ್ದರ ಮೇಲೆ ನೂರಕ್ಕೆ ಒಂದು ರೂಪಾಯಿಯಂತೆ ಮೂರು ತಿಂಗಳಿಗೊಮ್ಮೆ ಕಟ್ಟುತ್ತಾರೆ, ವರ್ಷಕ್ಕೊಮ್ಮೆ ಒಟ್ಟು ಲೆಕ್ಕ ಒಪ್ಪಿಸುತ್ತಾರೆ. ನೋಂದಣಿ ಇರುವುದರಿಂದ ರಾಜ್ಯದ ವೃತ್ತಿ ತೆರಿಗೆಯೂ ವರ್ಷಕ್ಕೊಮ್ಮೆ ಬರುತ್ತದೆ. ಮಾರಿದ್ದಕ್ಕೆ ಒಂದು, ಕಸುಬು ಮಾಡಿದ್ದಕ್ಕೆ ಇನ್ನೊಂದು, ಉಳಿದದ್ದಕ್ಕೆ ಕೇಂದ್ರದ್ದು ಮತ್ತೊಂದು. ಇವನ್ನೆಲ್ಲ ನಾನು ಈಗ ಸಲಹೆಗಾರರ ಎದುರು ಕೂತು, ಶಾಲೆ ಮಕ್ಕಳಂತೆ ಕೇಳಿ ಕೇಳಿ ತಿಳಿದುಕೊಂಡಿದ್ದೇನೆ. ತಿಳಿಯಬೇಕಾದ ಹೊತ್ತಿನಲ್ಲಿ ತಿಳಿಯದೆ ಈಗ ತಿಳಿದಿದ್ದೇನೆ ಎಂದು ನನ್ನ ಮೇಲೆ ನನಗೇ ರೇಗುತ್ತದೆ. 

ಈಗ ಎಲ್ಲರಿಗೂ ಅವರವರ ಸ್ಕ್ಯಾನರ್. ಸಂತೆಯಲ್ಲಿ ಕೈ ಎತ್ತುವವರಿಲ್ಲ, ಕೂಗುವವರೂ ಇಲ್ಲ. ಆಟೋ ಇಲ್ಲದ್ದರಿಂದ ಎಲ್ಲರೂ ಬಸ್ಸಿಗೇ ಮೂಟೆ ಹಾಕಿಕೊಂಡು ಓಡಾಡುತ್ತೇವೆ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಗೊರವನಹಳ್ಳಿ ಕಡೆಯ ಬಸ್ಸಿಗೆ ಕಾಯುತ್ತಿದ್ದೆವು. ಭಾಯ್ ಶಿರಾದಿಂದ ಬಂದು ಇಳಿದಿದ್ದರು. ಅಕ್ಕ ತನ್ನ ಚೀಲಗಳ ಮೇಲೆ ಕೂತು ಎಲೆ ಮಡಚುತ್ತಿದ್ದಳು. ಆಟೋ ಹೋದ ಮೇಲೆ ಅವಳು ಭಾಯ್ ಅವರನ್ನು ನೇರವಾಗಿ ನೋಡಿ ಮಾತಾಡುವುದಿಲ್ಲ. ನನ್ನ ಜೊತೆ ಮಾತೇ ಕಮ್ಮಿ. ಭಾಯ್ ಜೇಬಿನಿಂದ ಫೋನ್ ತೆಗೆದು ನನ್ನ ಕಡೆ ಚಾಚಿದರು.

“ಏನೋ ಮೆಸೇಜ್ ಬಂದೈತೆ ಕಣಮ್ಮ. ಒಸಿ ನೋಡಿ ಹೇಳಿ.”

ನಾನು ಕೈ ಚಾಚುವ ಮೊದಲೇ ಅಕ್ಕ ಅತ್ತ ಕಡೆ ನೋಡುತ್ತಲೇ ಹೇಳಿದಳು: “ಆಯಮ್ಮನ್ನ ಕೇಳ್ಬ್ಯಾಡ ಭಾಯ್. ಬ್ಯಾರೆ ಯಾರನ್ನಾದ್ರೂ ಕೇಳು. ಆವತ್ತು ನಾನು ಬರ್ದಂಗೆ ಮಾಡಿದ್ದು ಇವಳೇ.”

ಬಸ್ ಸ್ಟ್ಯಾಂಡಿನಲ್ಲಿ ನೆಲ ಬಿರಿಯಬಾರದೇ ಎನಿಸಿತು. ಭಾಯ್ ಫೋನನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಗೊತ್ತು ಕಣಕ್ಕ, ಆವತ್ತೇ ಗೊತ್ತಾಯ್ತು. ತಪ್ಪು ಹೇಳಿದ್ರೂ ಆಯಮ್ಮ ನಿನ್ನ ಅಕ್ಕಿ ಉಳೀಲಿ ಅಂತ ಹೇಳಿದ್ದು. ತನ್ಗೋಸ್ಕರ ಅಲ್ವಲ್ಲ,” ಎಂದರು.

ಅದು ವೃತ್ತಿ ತೆರಿಗೆ ಕಟ್ಟುವ ದಿನ ಹತ್ತಿರ ಬಂತೆಂಬ ಮೆಸೇಜು. ನಿಧಾನವಾಗಿ ಓದಿ, ಎಷ್ಟು, ಯಾವ ದಿನದೊಳಗೆ ಎಂದು ಹೇಳಿ, ಸಲಹೆಗಾರರನ್ನೂ ಒಂದು ಮಾತು ಕೇಳೋಣ ಎಂದೆ. ಭಾಯ್ ತಲೆಯಾಡಿಸಿ ನನ್ನ ಮೂಟೆಯನ್ನು ಬಂದು ನಿಂತ ಬಸ್ಸಿನ ಕಡೆಗೆ ಎತ್ತಿಕೊಂಡು ಹೋದರು. ತನಗೋಸ್ಕರ ಅಲ್ಲ ಎಂದರಲ್ಲ, ಆ ಮಾತನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ. ಇಂದಿಗೂ ಬಂದಿಲ್ಲ.